ಒಂದು ಬಾಂಡ್ಲಿ ಮಣ್ಣಿಗಾಗಿ ಅರ್ಜಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಸಸಿ ಬೆಳೆಸುವ, ಹಂಚುವ, ನೆಡಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಪ್ರೊಫೆಸರ್ ಅಲ್ಲ. ಮೈಸೂರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ 31 ವರ್ಷ ಲ್ಯಾಬ್ ಅಟೆಂಡರ್ ಆಗಿದ್ದು ನಿವೃತ್ತನಾದವನು. ಗಾಜಿನ ಸಾಮಾನು ತೊಳೆದಿದ್ದೇನೆ, ಸಾವಿರಾರು ಸ್ಲೈಡು ಮಾಡಿದ್ದೇನೆ, ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪಾಚಿ ಹುಡುಕಿಕೊಂಡು ಓಡಾಡಿದ್ದೇನೆ. ಆ ಅನುಭವದ ಮೇಲೆ ಈ ಅರ್ಜಿ. ನನಗೆ ಬೇಕಾಗಿರುವುದು ಒಂದು ಬಾಂಡ್ಲಿ ಮಣ್ಣು.

ಅಷ್ಟಕ್ಕೆ ಅರ್ಜಿ ಯಾಕೆ, ನೀವೇ ಹೋಗಿ ತಂದುಕೊಳ್ಳಿ ಎನ್ನಬೇಡಿ. ನನಗೆ ಬೇಕಾದದ್ದು ಕಾಡಿನ ಮಣ್ಣು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಕಾಡಿನ ಮೇಲ್ಮಣ್ಣೂ ಅರಣ್ಯ ಉತ್ಪನ್ನವೇ. ಅನುಮತಿಯಿಲ್ಲದೆ ಹೊತ್ತು ತಂದರೆ ಗಂಧ ಕದ್ದವನ ಸಾಲಿನಲ್ಲಿ ನಾನೂ ನಿಲ್ಲಬೇಕಾಗುತ್ತದೆ. ಆ ಕಾನೂನು ಇರಬೇಕಾದದ್ದೇ. ಸಡಿಲ ಮಾಡಿ ಎಂದು ಕೇಳುತ್ತಿಲ್ಲ. ಮಣ್ಣು ನನ್ನ ಮನೆಗೂ ಬೇಡ. ನಿಮ್ಮ ಕೈಯಿಂದಲೇ ತೆಗೆಸಿ, ನಿಮ್ಮದೇ ನರ್ಸರಿಯ ಕವರುಗಳಿಗೆ ಒಂದೊಂದು ಹಿಡಿ ಹಾಕಿಸಿ ಎಂದಷ್ಟೇ ನನ್ನ ಕೋರಿಕೆ.

ಕಾರಣ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಬೇಕು.

ಐದು ವರ್ಷದ ಹಿಂದೆ ಜುಲೈನಲ್ಲಿ ನಾವು ಬೆಳಗಿನ ವಾಕಿಂಗ್ ಗೆಳೆಯರು ಸೇರಿ ಊರ ಹೊರಗಿನ ಒಂದು ಹೊಸ ಬಡಾವಣೆಯ ಅಂಚಿನಲ್ಲಿ 60 ಸಸಿ ನೆಟ್ಟೆವು. ಹೊಂಗೆ, ಹೊನ್ನೆ, ನೇರಳೆ, ಬೇವು, ಮತ್ತಿ. ಬ್ಯಾನರ್ ಇತ್ತು, ಫೋಟೊ ಇತ್ತು, ಉಪ್ಪಿಟ್ಟು ಕೇಸರಿಬಾತ್ ಇತ್ತು. ಎರಡನೇ ಬೇಸಿಗೆ ಕಳೆಯುವ ಹೊತ್ತಿಗೆ ಉಳಿದದ್ದು 11. ಮೇಕೆ ಮೇಯ್ದದ್ದು, ಕಾರು ಹತ್ತಿಸಿದ್ದು ಲೆಕ್ಕಕ್ಕೆ ಸಿಕ್ಕವು. ಉಳಿದವುಗಳ ಸಾವು ಮಾತ್ರ ವಿಚಿತ್ರವಾಗಿತ್ತು. ವಾರಕ್ಕೆರಡು ಸಲ ಟ್ಯಾಂಕರ್ ನೀರು ಕೊಟ್ಟಿದ್ದೆವು. ಆದರೂ ಎಲೆ ಹಳದಿಯಾಗಿ, ಒಂದು ಗೇಣೂ ಮೇಲೇಳದೆ, ಕೂತಲ್ಲೇ ಕೂತು ಒಣಗಿದವು. ಕಿತ್ತು ನೋಡಿದರೆ ಬೇರು ಕವರಿನ ತಳದ ಅಳತೆಗೆ ಸರಿಯಾಗಿ ಸಿಂಬೆ ಸುತ್ತಿಕೊಂಡಿತ್ತು. ಎರಡು ವರ್ಷದಲ್ಲಿ ಹೊರಗಿನ ಮಣ್ಣಿಗೆ ಕಾಲಿಟ್ಟೇ ಇರಲಿಲ್ಲ.

ಅಭ್ಯಾಸ ಬಿಡುತ್ತದೆಯೇ? ಸೊರಗಿದ್ದರೂ ಜೀವ ಹಿಡಿದಿದ್ದ ಮೂರು ಸಸಿಗಳಿಂದ ಕೂದಲೆಳೆಯಂಥ ಬೇರುಗಳನ್ನು ಕತ್ತರಿಸಿಕೊಂಡೆ. ಹತ್ತು ಮಾರು ದೂರದ ಹಳೇ ಬೇಲಿಯಲ್ಲಿ, ಯಾರೂ ನೆಡದೆ ಯಾರೂ ನೀರು ಹಾಕದೆ ಎದ್ದಿದ್ದ ಒಂದು ಹೊಂಗೆಯ ಬೇರನ್ನೂ ತೆಗೆದುಕೊಂಡೆ. ಹಳೇ ಲ್ಯಾಬಿಗೆ ಹೋದೆ. (ಮನೆಯಲ್ಲೇ ಮಾಡೋಣ ಎಂದುಕೊಂಡಿದ್ದೆ, ಕುಕ್ಕರ್ ಮುಟ್ಟಲು ಮನೆಯವಳು ಬಿಡಲಿಲ್ಲ.) ಈಗ ಅಲ್ಲಿರುವ ಹುಡುಗಿ, ಒಂದು ಕಾಲದಲ್ಲಿ ನನ್ನಿಂದ ಸ್ಲೈಡು ತೊಳೆಯಲು ಕಲಿತವಳು, ಒಂದು ಮೂಲೆ ಬಿಟ್ಟುಕೊಟ್ಟಳು. ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೇಯಿಸಿ, ಬಣ್ಣ ಕಳೆದು, ತೊಳೆದು, ದುರ್ಬಲ ಆಮ್ಲದಲ್ಲಿ ಅದ್ದಿ, ಟ್ರೈಪಾನ್ ಬ್ಲೂ ಎಂಬ ನೀಲಿ ಹಾಕುವುದು. 1970ರಿಂದ ಜಗತ್ತಿನ ಬಹಳಷ್ಟು ಲ್ಯಾಬುಗಳಲ್ಲಿ ಬಳಕೆಯಲ್ಲಿರುವ ಪದ್ಧತಿ ಇದು.

ಬೇಲಿಯ ಹೊಂಗೆಯ ಬೇರು ಮಸೂರದ ಕೆಳಗೆ ನೀಲಿ ಕಸೂತಿಯ ಹಾಗಿತ್ತು. ಜೀವಕೋಶದ ಸಾಲುಗಳ ನಡುವೆ ಎಳೆಗಳು ಹರಿದಿದ್ದವು. ಕೆಲವು ಕೋಶಗಳೊಳಗೆ ಆ ಎಳೆ ಪುಟ್ಟ ಮರದಂತೆ ಕವಲೊಡೆದು ನಿಂತಿತ್ತು. ಅಲ್ಲಲ್ಲಿ ಎಣ್ಣೆ ತುಂಬಿದ ಉರುಟು ಚೀಲಗಳು. ನಮ್ಮ ಸಸಿಗಳ ಬೇರು ಮಾತ್ರ ಖಾಲಿ ಬನಿಯನ್ನಿನ ಹಾಗೆ ಬೋಳು.

ನಾಲ್ಕು ಬೇರು ನೋಡಿ ತೀರ್ಪು ಕೊಡಬಾರದು, ಅದು ನನಗೂ ಗೊತ್ತು. ಸಾವಿಗೆ ಹತ್ತು ಕಾರಣ ಇರುತ್ತವೆ. ಗುಂಡಿ ತೆಗೆದ ಜೆಸಿಬಿಯವನು ಕೆಳಗಿನ ಗರಸನ್ನೆಲ್ಲ ಮೇಲೆ ಹಾಕಿದ್ದ ಎನ್ನುವುದೂ ಅದರಲ್ಲಿ ಒಂದು. ಆದರೂ ಆ ಬೋಳು ಬೇರು ಕಣ್ಣಿಗೆ ಕಟ್ಟಿದ ಮೇಲೆ ಬಿಟ್ಟು ಹೋಗಿಲ್ಲ.

ಆ ನೀಲಿ ಎಳೆ ಏನೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮಂಡ್ಯದ ರೈತರೂ ‘ವ್ಯಾಮ್’ ಎಂದು ಪ್ಯಾಕೆಟ್ಟಿನಲ್ಲಿ ನೋಡಿರುತ್ತಾರೆ. ಬೇರಿನಲ್ಲಿ ಮನೆ ಮಾಡಿ, ಮಣ್ಣಿನಲ್ಲಿ ಹೊಲ ಮಾಡುವ ಶಿಲೀಂಧ್ರ ಅದು. ನೆಲದ ಮೇಲಿನ ಗಿಡಮರಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜಾತಿಗಳು ಯಾವುದಾದರೂ ಇಂಥ ಶಿಲೀಂಧ್ರದ ಜೊತೆಯಲ್ಲೇ ಬಾಳುತ್ತವೆ. 40 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಈ ಕವಲು ಸಿಕ್ಕಿದೆ. ಅಂದರೆ ಮರ ಎನ್ನುವುದು ಹುಟ್ಟುವ ಮೊದಲೇ ಈ ಸಂಬಂಧ ಕುದುರಿತ್ತು. ನಮ್ಮ ಬಯಲುಸೀಮೆಯ ಒಣ ಕಾಡಿನ ತೇಗ, ಹೊನ್ನೆ, ಹೊಂಗೆ, ಬೇವುಗಳಲ್ಲಿ ಇದು ಬೇರಿನ ಒಳಗೆ ಹೊಕ್ಕು ಕೂರುವ ಬಗೆಯದು, ಬರಿಗಣ್ಣಿಗೆ ಕಾಣದು. ಘಟ್ಟದ ಸಾಲುಧೂಪ, ಭೋಗಿ ಮರಗಳಲ್ಲಿ, ಹೊರದೇಶದ ಪೈನ್ ಮರಗಳಲ್ಲಿ ಇರುವುದು ಬೇರಿನ ತುದಿಗೆ ಟೋಪಿ ಹಾಕಿದಂತೆ ಹೊರಗೆ ಸುತ್ತುವ ಇನ್ನೊಂದು ಬಗೆ. ಮಳೆಗಾಲದಲ್ಲಿ ಇವುಗಳಲ್ಲಿ ಅನೇಕವು ಮರದ ಬುಡದಲ್ಲಿ ಅಣಬೆಯಾಗಿ ಏಳುತ್ತವೆ. ಗುಡುಗಿದ ಮಾರನೇ ದಿನ ನಾವು ಹುತ್ತದ ಮೇಲಿಂದ ಕಿತ್ತು ತಂದು ಸಾರು ಮಾಡುವ ಅಣಬೆ ಬೇರೆ. ಅದು ಗೆದ್ದಲು ಸಾಕಿದ ಬೆಳೆ, ಅದಕ್ಕೂ ಬೇರಿಗೂ ಸಂಬಂಧವಿಲ್ಲ.

ಇದು ಬೆಳಕಿಗೆ ಬಂದದ್ದೂ ಒಂದು ಸರ್ಕಾರಿ ಕೆಲಸದಿಂದಲೇ. ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸಲು ಸಾಧ್ಯವೇ ನೋಡು ಎಂದು ಪ್ರಷ್ಯಾ ಸರ್ಕಾರ ಎ.ಬಿ. ಫ್ರಾಂಕ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಹೇಳಿತ್ತು. ಅಣಬೆ ಬೆಳೆಸುವ ಕೆಲಸ ಕೈಗೂಡಲಿಲ್ಲ. ಬದಲಿಗೆ ಕಾಡಿನ ಮರಗಳ ಬೇರಿನ ತುದಿಗಳೆಲ್ಲ ಶಿಲೀಂಧ್ರದ ಹೊದಿಕೆಯಲ್ಲಿರುವುದನ್ನು ಆತ ಕಂಡ. 1885ರಲ್ಲಿ ಅದಕ್ಕೆ ‘ಮೈಕೋರೈಜಾ’ ಎಂದು ಹೆಸರಿಟ್ಟ. ಇದು ರೋಗವಲ್ಲ, ಮರಕ್ಕೆ ಉಣಿಸುವ ದಾದಿ ಎಂದ. ಆಗ ನಂಬಿದವರು ಕಡಿಮೆ.

ದಾದಿಯ ಅಗತ್ಯ ನಮ್ಮ ಕೆಂಪು ನೆಲಕ್ಕೆ ಇನ್ನೂ ಹೆಚ್ಚು. ಗಿಡಕ್ಕೆ ಬೇಕೇ ಬೇಕಾದ ರಂಜಕವನ್ನು (ಫಾಸ್ಫರಸ್) ಇಲ್ಲಿನ ಮಣ್ಣಿನ ಕಬ್ಬಿಣ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬೇರು ತನ್ನ ಸುತ್ತ ಕೆಲವೇ ಮಿಲಿಮೀಟರ್ ದೂರದ್ದನ್ನು ಹೀರಿ ಮುಗಿಸಿದರೆ ಆಚೆಯದು ತಾನಾಗಿ ಹರಿದು ಬರುವುದಿಲ್ಲ. ಶಿಲೀಂಧ್ರದ ಎಳೆ ಬೇರಿನ ರೋಮಕ್ಕಿಂತಲೂ ತೆಳ್ಳಗೆ. ಬೇರು ನುಗ್ಗಲಾರದ ಸಂದಿಗಳಲ್ಲಿ ನುಗ್ಗಿ, ಸೆಂಟಿಮೀಟರುಗಟ್ಟಲೆ ಆಚೆಯಿಂದ ರಂಜಕ ಹೊತ್ತು ತರುತ್ತದೆ. ಕೂಲಿಯಾಗಿ ಮರ ಸಕ್ಕರೆ ಕೊಡುತ್ತದೆ, ಕೊಬ್ಬನ್ನೂ ಕೊಡುತ್ತದೆ.

ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲಿದೆ. ನಾನು ಪತ್ರ ಬರೆಯುತ್ತಿರುವುದು ಅದರಾಚೆಗಿನ ಸಂಗತಿಗಾಗಿ. ದಾದಿಗೂ ಒಬ್ಬ ಸಹಾಯಕಿ ಬೇಕು.

1962ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬಾರ್ಬರಾ ಮಾಸ್ ಒಂದು ಫಲಿತಾಂಶ ಪ್ರಕಟಿಸಿದರು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಶುದ್ಧ ಮಾಡಿದ ಗಾಜಿನ ನಳಿಕೆಯಲ್ಲಿ ಸಸಿ, ಅದರ ಪಕ್ಕದಲ್ಲಿ ಶುದ್ಧ ಮಾಡಿದ ಶಿಲೀಂಧ್ರದ ಬೀಜಕ. ಬೀಜಕ ಮೊಳೆಯಿತು, ಬೇರಿನ ತನಕ ಬಂತು, ಒಳಗೆ ಹೋಗಲಿಲ್ಲ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿಸಿದಾಗ ಮಾತ್ರ ಒಳಹೊಕ್ಕಿತು. ಹೆಣ್ಣಿನ ಮನೆ, ಗಂಡಿನ ಮನೆ ಎರಡೂ ಒಂದೇ ಬೀದಿಯಲ್ಲಿದ್ದರೂ ನಡುವೆ ಮಾತಾಡಿಸುವವರು ಒಬ್ಬರು ಬೇಕಲ್ಲ, ಹಾಗೆ. ಲ್ಯಾಬಿನಲ್ಲಿ ಎಲ್ಲವನ್ನೂ ಕುದಿಸಿ ಶುದ್ಧ ಮಾಡುವುದೇ ಉದ್ಯೋಗವಾಗಿದ್ದ ನನಗೆ ಇದನ್ನು ಮೊದಲ ಸಲ ಕೇಳಿದಾಗ ಸ್ವಲ್ಪ ಅವಮಾನವೇ ಆಗಿತ್ತು.

ಮುಂದೆ ಫ್ರಾನ್ಸಿನ ನಾನ್ಸಿಯಲ್ಲಿ ಜಾನ್ ಗಾರ್ಬೇ ಮತ್ತು ಸಂಗಡಿಗರು ಇದನ್ನೇ ಕಾಡಿನ ನರ್ಸರಿಗೆ ಒಯ್ದರು. ಡಗ್ಲಸ್ ಫರ್ ಮರದ ಬೇರಿಗೆ ಒಗ್ಗುವ ಲಾಕೇರಿಯಾ ಎಂಬ ಅಣಬೆಯೊಳಗಿಂದಲೇ ಒಂದು ಸೂಡೊಮೊನಾಸನ್ನು ಬೇರ್ಪಡಿಸಿದರು. ಆ ಬ್ಯಾಕ್ಟೀರಿಯಾವನ್ನು ಶಿಲೀಂಧ್ರದ ಜೊತೆ ನರ್ಸರಿ ಮಣ್ಣಿಗೆ ಸೇರಿಸಿದಾಗ ಹೆಚ್ಚು ಬೇರುತುದಿಗಳಿಗೆ ಶಿಲೀಂಧ್ರ ಹತ್ತಿತು. ಇಂಥವಕ್ಕೆ ಅವರು ಕೊಟ್ಟ ಹೆಸರು ‘ಸಹಾಯಕ ಬ್ಯಾಕ್ಟೀರಿಯಾ’. 1994ರ ಗಾರ್ಬೇ ಅವರ ಲೇಖನದ ನಂತರ ಆ ಹೆಸರು ಗಟ್ಟಿಯಾಯಿತು. ನನಗೆ ಮುಖ್ಯವೆನಿಸಿದ್ದು ಮುಂದಿನದು: ಶಿಲೀಂಧ್ರ ಬೇರನ್ನು ಸೇರುವ ಮುಂಚೆ, ಒಂಟಿಯಾಗಿ ಕಷ್ಟದಲ್ಲಿರುವಾಗಲೇ ಈ ಬ್ಯಾಕ್ಟೀರಿಯಾ ಅದನ್ನು ಬದುಕಿಸಿ ಬೆಳೆಸುತ್ತದೆ. ನರ್ಸರಿಯ ಕವರು ಅಂಥ ಕಷ್ಟದ ಜಾಗವಲ್ಲದೆ ಮತ್ತೇನು?

ಸಹಾಯದ ಬಗೆಯೂ ಒಂದೇ ಅಲ್ಲ. ಮೊದಲ ಮಳೆಗೆ ಮಣ್ಣು ಘಂ ಎನ್ನುತ್ತದಲ್ಲ, ಆ ವಾಸನೆಯ ಬಹುಪಾಲು ಸ್ಟ್ರೆಪ್ಟೊಮೈಸಿಸ್ ಬಳಗದ ಬ್ಯಾಕ್ಟೀರಿಯಾಗಳ ಕೈವಾಡ. ಜರ್ಮನಿಯಲ್ಲಿ ಅದೇ ಬಳಗದ ಒಂದು, ಬೇರಿಗೆ ಒಳ್ಳೆಯದು ಮಾಡುವ ಶಿಲೀಂಧ್ರವನ್ನು ಬೆಳೆಸುತ್ತ, ಬೇರು ಕೊಳೆಸುವ ಕೆಲವು ಶಿಲೀಂಧ್ರಗಳನ್ನು ಹತ್ತಿಕ್ಕುವುದು ಕಂಡಿತು. 2018ರಲ್ಲಿ ಚೀನಾದ ಸಂಶೋಧಕರು ತೋರಿಸಿದ್ದು ಇನ್ನೂ ಸೊಗಸಾಗಿದೆ. ನಮ್ಮ ಒಣಕಾಡಿನ ಮರಗಳಲ್ಲಿರುವ ಬಗೆಯ ಶಿಲೀಂಧ್ರಕ್ಕೆ ಎಲೆಗೊಬ್ಬರದಲ್ಲಿ ಅಡಗಿರುವ ಸಾವಯವ ರಂಜಕವನ್ನು ಬಿಡಿಸಿಕೊಳ್ಳುವ ಶಕ್ತಿ ಅಷ್ಟಕ್ಕಷ್ಟೆ. ಅದು ತನ್ನ ಎಳೆಯ ತುದಿಯಿಂದ ಒಂದಿಷ್ಟು ಫ್ರಕ್ಟೋಸ್ ಸಕ್ಕರೆ ಒಸರುತ್ತದೆ. ಆ ಸಿಹಿ ತಾಗಿದ ಬ್ಯಾಕ್ಟೀರಿಯಾ ರಂಜಕ ಬಿಡಿಸುವ ಕಿಣ್ವ ಸುರಿಸುತ್ತದೆ, ಬಿಡುಗಡೆಯಾದದ್ದನ್ನು ಎಳೆ ಹೀರಿ ಮರಕ್ಕೆ ಸಾಗಿಸುತ್ತದೆ. ಮರ ಕೊಟ್ಟ ಕೂಲಿಯಲ್ಲಿ ದಾದಿ ತನ್ನ ಕೆಳಗಿನವರಿಗೂ ಕೊಡುತ್ತಾಳೆ ಎಂದಾಯಿತು. ಒಣ ಮಣ್ಣಿನಲ್ಲಿ ಬ್ಯಾಕ್ಟೀರಿಯಾಕ್ಕೆ ತಾನಾಗಿ ದೂರ ಹೋಗಲು ಆಗದು. ಶಿಲೀಂಧ್ರದ ಎಳೆಯ ಮೈಮೇಲಿನ ನೀರಿನ ಪೊರೆಯೇ ಅದಕ್ಕೆ ರಸ್ತೆ. ಕೆಲವಂತೂ ಶಿಲೀಂಧ್ರದ ಬೀಜಕದ ಒಳಗೇ ವಾಸ. ಇಟಲಿಯವರು 1996ರಲ್ಲಿ ಅದನ್ನು ಖಚಿತಪಡಿಸಿದ್ದಾರೆ. ನನ್ನ ನೀಲಿ ಬಣ್ಣದಲ್ಲಿ ಇವು ಯಾವುವೂ ಕಾಣುವುದಿಲ್ಲ ಬಿಡಿ. ಅದಕ್ಕೆ ಬೇರೆಯೇ ಉಪಕರಣ ಬೇಕು.

ಹಾಗಾದರೆ ಅಂಗಡಿಯಲ್ಲಿ ಸೂಡೊಮೊನಾಸ್ ಪ್ಯಾಕೆಟ್ ಸಿಗುತ್ತದೆ, ವ್ಯಾಮ್ ಪ್ಯಾಕೆಟ್ ಸಿಗುತ್ತದೆ, ಟೆಂಡರ್ ಕರೆದು ತರಿಸೋಣ ಎಂದು ಯಾರಾದರೂ ಹೇಳಬಹುದು. ತರಿಸಿ, ನನ್ನ ತಕರಾರಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ.ಜೆ. ಬಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದ್ದಾರೆ, ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದಲ್ಲ. ಆದರೆ ನಂಜನಗೂಡಿನ ತೇರಿನ ಬೀದಿಯಲ್ಲಿ ‘ಏಯ್ ನಂಜುಂಡ’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ? ಸೂಡೊಮೊನಾಸ್ ಕಥೆಯೂ ಅಷ್ಟೇ. ಫ್ರಾನ್ಸಿನ ಕಾಡಿನದು, ಭತ್ತದ ಗದ್ದೆಗೆ ಮಾರುವುದು, ಎರಡಕ್ಕೂ ಹೆಸರು ಒಂದೇ ಇರಬಹುದು, ಗುಣ ಬೇರೆ. ಒಂದು ಶಿಲೀಂಧ್ರಕ್ಕೆ ಸಹಾಯಕ ಆದದ್ದು ಇನ್ನೊಂದಕ್ಕೆ ಅಡ್ಡಗಾಲು ಆದ ಉದಾಹರಣೆಗಳೂ ಉಂಟು. ಜೊತೆಗೆ ವ್ಯಾಮ್ ಶಿಲೀಂಧ್ರವನ್ನು ಡಬ್ಬಿಯಲ್ಲಿ ಯೀಸ್ಟ್ ಬೆಳೆಸಿದ ಹಾಗೆ ಬೆಳೆಸಲಾಗದು, ಅದಕ್ಕೆ ಜೀವಂತ ಬೇರು ಬೇಕು. ಮುಸುಕಿನ ಜೋಳದ್ದೋ ಹುಲ್ಲಿನದ್ದೋ ಬೇರಿನಲ್ಲಿ ಸಾಕಿ ಪ್ಯಾಕೆಟ್ ಮಾಡುತ್ತಾರೆ. ಹೊನ್ನೆಗೂ ಮತ್ತಿಗೂ ಈ ಬೆಟ್ಟಗುಡ್ಡಗಳಲ್ಲಿ ತಲೆತಲಾಂತರದಿಂದ ಒಗ್ಗಿದ ಸಂಸಾರ ಪೂರ್ತಿಯಾಗಿ ಅದರೊಳಗೆ ಬರುವುದಿಲ್ಲ.

ಪೂರ್ತಿ ಸಂಸಾರ ಬರುವುದು ಮಣ್ಣಿನಲ್ಲೇ. ಹಾಲು ಎಷ್ಟೇ ಗಟ್ಟಿಯಿರಲಿ, ಹೆಪ್ಪು ಹಾಕದಿದ್ದರೆ ಮೊಸರಾಗುತ್ತದೆಯೇ? ಮನೆಯಲ್ಲಿ ಮುಗಿದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವೆ. ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ನೆಟ್ಟು ನೆಟ್ಟು ಸೋತಿದ್ದರು. ಸಸಿ ಹುಟ್ಟುತ್ತಿತ್ತು, ಹಳದಿಯಾಗಿ ಕೂರುತ್ತಿತ್ತು, ಸಾಯುತ್ತಿತ್ತು. 1955ರಲ್ಲಿ ಅಮೆರಿಕದ ನಾರ್ತ್ ಕರೋಲಿನಾದ ಪೈನ್ ಕಾಡಿನ ಮಣ್ಣು ತಂದು ಸಸಿಗಳ ಬುಡಕ್ಕೆ ಹಾಕಿದರು, ಹಸಿರಾಗಿ ಎದ್ದವು. ಅವರು ಸಮುದ್ರ ದಾಟಿಸಿ ತಂದರು. ನಿಮಗೆ ಚಾಮುಂಡಿ ಬೆಟ್ಟ ಕಣ್ಣೆದುರಿಗೇ ಇದೆ.

ನಿಮಗೆ ಇದೇನೂ ಅಪರಿಚಿತ ವಿಚಾರವಲ್ಲ ಎಂಬುದೇ ನನ್ನ ಧೈರ್ಯ. ಗಂಧದ ಸಸಿಯ ಕವರಿನಲ್ಲಿ ನೀವೇ ತೊಗರಿ ಗಿಡ ಇಡಿಸುತ್ತೀರಿ. ಗಂಧ ಅದರ ಬೇರಿಗೆ ಬಾಯಿ ಹಾಕದೆ ಬದುಕದು ಎಂದು ನಿಮ್ಮ ನರ್ಸರಿಯ ಮಾಲಿಗೂ ಗೊತ್ತು. ಸರ್ವೆ ಸಸಿ ಮಾಡುವವರು ಹಳೇ ಮರದ ಬೇರಿನ ಗಂಟು ಜಜ್ಜಿ ಮಡಿಗೆ ಬೆರೆಸುವುದುಂಟು. ಆ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. (ಆ ಹೆಸರೂ ಮೇಲೆ ಹೇಳಿದ ಫ್ರಾಂಕ್‌ನದೇ.) ಕಣ್ಣಿಗೆ ಕಾಣುವ ಜೊತೆಗಾರನಿಗೆ ಕವರಿನಲ್ಲಿ ಜಾಗ ಕೊಟ್ಟಿದ್ದೀರಿ. ಕಾಣದವರಿಗೂ ಕೊಡಿ.

ಈಗ ಕವರಿಗೆ ಏನು ತುಂಬುತ್ತಾರೆ ಎಂದು ತಿಳಿಯಲು ಒಂದು ನರ್ಸರಿಗೆ ಹೋಗಿದ್ದೆ. ನೆರಳು ಪರದೆಯ ಕೆಳಗೆ ಹತ್ತು ಹನ್ನೆರಡು ಹೆಂಗಸರು ಕೂತು ತುಂಬುತ್ತಿದ್ದರು. ‘ಮಣ್ಣು ಎಲ್ಲಿಂದ ತರ್ತಾರಕ್ಕ?’ ಎಂದೆ. ‘ಲೋಡ್ ಬತ್ತದೆ ಸಾ, ಎಲ್ಲಿಂದ ಅಂತ ನಮ್ಗೇನ್ ಗೊತ್ತು? ಎಲ್ಲೋ ಪಾಯ ತೆಗ್ದಿದ್ದೇ ಇರ್ಬೇಕು. ಎಂಗೈತೆ ನೋಡಿ, ಒಂದ್ ಎರೆಹುಳ ಇಲ್ಲ’ ಎಂದರು ಒಬ್ಬರು. ಕೆಮ್ಮಣ್ಣು, ಮರಳು, ಗೊಬ್ಬರ, ಮೂರನ್ನು ಕಲಸಿ ತುಂಬುತ್ತಿದ್ದರು. ಸಸಿ ಬುಡ ಕೊಳೆಯದಿರಲಿ ಎಂದು ಹದಿನೈದು ದಿನಕ್ಕೊಮ್ಮೆ ಶಿಲೀಂಧ್ರನಾಶಕ ಹುಯ್ಯುತ್ತಾರಂತೆ. ಬೇಗ ಎತ್ತರವಾಗಲಿ ಎಂದು ಡಿಎಪಿ ಎಂಬ ರಂಜಕದ ಗೊಬ್ಬರ ಕರಗಿಸಿದ ನೀರು. ಇವೆರಡನ್ನೂ ಮಾಡಿದ ಮೇಲೆ ನನ್ನ ಹೆಪ್ಪು ಹಾಕಿಯೂ ಪ್ರಯೋಜನ ಕಡಿಮೆ. ಕಾರ್ಬೆಂಡಾಜಿಮ್‌ನಂಥ ಔಷಧಿಗೆ ಕೆಟ್ಟ ಶಿಲೀಂಧ್ರ ಯಾವುದು, ಒಳ್ಳೆಯದು ಯಾವುದು ಎಂಬ ಭೇದ ಇಲ್ಲ. ಇನ್ನು ರಂಜಕ ಧಾರಾಳವಾಗಿ ಸಿಕ್ಕಿದರೆ ಸಸಿಯೇ ಶಿಲೀಂಧ್ರವನ್ನು ಹತ್ತಿರ ಸೇರಿಸದು. ಮನೆಗೆ ಕ್ಯಾರಿಯರ್ ಊಟ ಬರುತ್ತಿದ್ದರೆ ಅಡುಗೆಯವರನ್ನು ಯಾರು ಇಟ್ಟುಕೊಳ್ಳುತ್ತಾರೆ? ತೊಂದರೆ ಗೊತ್ತಾಗುವುದು ಬಡಾವಣೆಯ ಗರಸಿನಲ್ಲಿ ನೆಟ್ಟ ಮೇಲೆ, ಕ್ಯಾರಿಯರ್ ನಿಂತ ದಿನ. ಎತ್ತರ ನೋಡಿ ಬಿಲ್ ಪಾಸಾಗುವ ತನಕ ಯಾರಿಗೂ ಬೇರು ನೋಡುವ ಅಗತ್ಯ ಬೀಳುವುದಿಲ್ಲ.

ಆದ್ದರಿಂದ ಸಾಹೇಬರೇ, ಕೇಳುವುದನ್ನು ಸ್ಪಷ್ಟವಾಗಿ ಕೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಸಸಿ ಹಾಕುವಾಗ, ನಿಮ್ಮ ಗಾರ್ಡ್ ಒಬ್ಬರು ಅದೇ ಜಾತಿಯ, ರೋಗವಿಲ್ಲದ, ವಯಸ್ಸಾದ ಮರದ ಕೆಳಗೆ ತರಗೆಲೆ ಸರಿಸಿ, ಮೇಲಿನ ಒಂದು ಗೇಣು ಮಣ್ಣನ್ನು ಎಳೆ ಬೇರುಗಳ ಸಮೇತ ತೆಗೆದು, ತರಗೆಲೆಯನ್ನು ಮತ್ತೆ ಮುಚ್ಚಿ ಬರಲಿ. ಒಂದೇ ಮರದಡಿ ಅಗೆಯುವುದು ಬೇಡ, ಹತ್ತು ಮರದಡಿ ಹತ್ತು ಹಿಡಿ ಸಾಕು. ಅದನ್ನು ಬಿಸಿಲಿಗೆ ಹರಡದೆ ಅದೇ ವಾರ ಹತ್ತು ಪಾಲು ನರ್ಸರಿ ಮಣ್ಣಿಗೆ ಒಂದು ಪಾಲಿನಂತೆ ಬೆರೆಸಲಿ. ಮೇಲುಕೋಟೆ ಅಭಯಾರಣ್ಯದ ಕಡೆ ಕೈ ಹಾಕುವುದೇ ಬೇಡ. ಊರೂರಿನ ಗುಂಡುತೋಪು, ಹಳೇ ಸಾಲುಮರದ ಬುಡ, ಯಾರೂ ಉಳದ ದೇವರಕಾಡಿನ ಅಂಚು ಸಾಕಷ್ಟಿವೆ. ಕಬ್ಬಿನ ಗದ್ದೆಯ ಮಣ್ಣು ಮಾತ್ರ ಬೇಡ. ಅದು ಕೂಡಾ ಮಣ್ಣೇ, ಆದರೆ ಅದರ ಸಂಸಾರ ಬೇರೆ.

ಮಣ್ಣಿನ ಜೊತೆ ರೋಗವೂ ಬರಬಹುದು, ಬೇರಿನ ಜಂತು, ಬುಡ ಕೊಳೆಸುವ ಶಿಲೀಂಧ್ರ ಎಲ್ಲ ಅಲ್ಲೇ ಇರುತ್ತವೆ. ಹಾಗಾಗಿಯೇ ಇಡೀ ನರ್ಸರಿಗೆ ಒಮ್ಮೆಗೇ ಹಾಕಿ ಎನ್ನುತ್ತಿಲ್ಲ. ಒಂದೇ ಒಂದು ಮಡಿ ಸಾಕು. ಅದರಲ್ಲಿ ಅರ್ಧದಷ್ಟು ಕವರುಗಳಿಗೆ ಕಾಡಿನ ಮಣ್ಣು ಬೆರೆಸಿದ್ದು, ಉಳಿದರ್ಧ ಕವರುಗಳಿಗೆ ಈಗಿನ ಮಣ್ಣು. ಆ ಮಡಿಗೆ ಡಿಎಪಿ ನೀರು ಬೇಡ, ರೋಗ ಕಾಣದೆ ಔಷಧಿ ಬೇಡ. ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಒಂದೇ ಜಾಗದಲ್ಲಿ ನೆಡಿಸಿ. ಗುಂಡಿ ತೆಗೆಯುವಾಗ ಮೇಲ್ಮಣ್ಣು ಒಂದು ಕಡೆ, ಗರಸು ಒಂದು ಕಡೆ ಹಾಕಿ, ಮೇಲ್ಮಣ್ಣನ್ನೇ ಬೇರಿಗೆ ತಾಗುವಂತೆ ಮುಚ್ಚಲು ಜೆಸಿಬಿಯವರಿಗೆ ಒಂದು ಮಾತು ಹೇಳಿ. ಎರಡು ಬೇಸಿಗೆ ಆದ ಮೇಲೆ ಎಣಿಸೋಣ. ಎರಡು ದಾರದ ಸಸಿಗಳೂ ಒಂದೇ ಲೆಕ್ಕ ಬಂದರೆ ನಾನೇ ಇನ್ನೊಂದು ಬಹಿರಂಗ ಪತ್ರ ಬರೆದು ಹೇಳುತ್ತೇನೆ.

ಬೇರು ಬೇಯಿಸಿ ನೋಡುವ ಕೆಲಸ ನನ್ನದು, ಸಂಬಳ ಬೇಡ. ಬಣ್ಣ ಇದೆ, ಒಂದೂವರೆ ಡಬ್ಬಿ ಕವರ್‌ಸ್ಲಿಪ್ ಉಳಿದಿದೆ. ಲ್ಯಾಬಿನ ಹುಡುಗಿ ಮಧ್ಯಾಹ್ನ ಮೂರರ ಮೇಲೆ ಮೈಕ್ರೋಸ್ಕೋಪ್ ಕೊಡುತ್ತೇನೆ ಎಂದಿದ್ದಾಳೆ. ಮಂಗಳವಾರ ನಂಜನಗೂಡಿಗೆ ಹೋಗುವುದಿರುತ್ತದೆ, ಉಳಿದ ಯಾವ ದಿನ ಕರೆದರೂ ಬರುತ್ತೇನೆ. ಬಾಂಡ್ಲಿ ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಅಟೆಂಡರ್
ಮೈಸೂರು